ಎರಡು ರಿಸೀವರ್, ಒಂದೇ ಹಾಲ್

ಹೋಂ ಥಿಯೇಟರ್ ಮಾಡಿಸಲು ಹೊರಟವರು ಟಿವಿ ಆರಿಸುವಾಗ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಎಷ್ಟು ಇಂಚು, ಚಿತ್ರ ಹೇಗಿದೆ, ಬೆಲೆ ಕೈಗೆಟುಕುತ್ತದೆಯೇ ಎಂದು ನೋಡಿ ತೀರ್ಮಾನಿಸಿಬಿಡುತ್ತಾರೆ. ಸ್ಪೀಕರ್ ಕೂಡ ಅಷ್ಟೇ, ಕಿವಿಗೆ ಹಿಡಿಸಿದರೆ ಮುಗಿಯಿತು. ಗೊಂದಲ ಶುರುವಾಗುವುದು ಎಲ್ಲವನ್ನೂ ಜೋಡಿಸುವ ಆ ಕಪ್ಪು ಪೆಟ್ಟಿಗೆಯ ಹತ್ತಿರ ಬಂದಾಗ. ಅದೇ ಎವಿ ರಿಸೀವರ್. ಟಿವಿ, ಬ್ಲೂ-ರೇ ಪ್ಲೇಯರ್, ಗೇಮ್ ಕನ್ಸೋಲ್, ಸೆಟ್‌ಟಾಪ್ ಬಾಕ್ಸ್ ಎಲ್ಲವೂ ಬಂದು ಸೇರುವುದು ಅದಕ್ಕೆ. ಬಂದ ಧ್ವನಿಯನ್ನು ಬಿಡಿಸಿ, ಯಾವ ಸ್ಪೀಕರ್‌ಗೆ ಯಾವ ಸದ್ದು ಎಂದು ಹಂಚಿ, ಶಕ್ತಿ ತುಂಬಿ ಕಳಿಸುವುದೂ ಅದೇ. ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟಿರುತ್ತಾರೆ. ನೋಡಲು ಹೆಚ್ಚುಕಡಿಮೆ ಒಂದೇ ಥರ. ಬೆಲೆ ಮಾತ್ರ ಒಂದಕ್ಕಿಂತ ಇನ್ನೊಂದರದು ಒಂದೂವರೆ ಪಟ್ಟಿನ ಹತ್ತಿರ. ಜಾಸ್ತಿ ದುಡ್ಡು ಕೊಟ್ಟರೆ ಜಾಸ್ತಿ ಏನು ಸಿಗುತ್ತದೆ? ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವವರು ಕಡಿಮೆ.

ಒಂದು ಜೋಡಿಯನ್ನೇ ಎದುರಿಗಿಟ್ಟುಕೊಂಡು ನೋಡೋಣ. ಜಪಾನಿನ ಡೆನಾನ್ ಕಂಪನಿ 2022ರಲ್ಲಿ ಎವಿಆರ್-ಎಕ್ಸ್2800ಎಚ್ ಮತ್ತು ಎವಿಆರ್-ಎಕ್ಸ್3800ಎಚ್ ಎಂಬ ಎರಡು ರಿಸೀವರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದಲ್ಲಿ ಮೊದಲನೆಯದಕ್ಕೆ 1,199 ಡಾಲರ್, ಎರಡನೆಯದಕ್ಕೆ 1,699 ಡಾಲರ್ ಎಂದು ಬೆಲೆ ಕಟ್ಟಿತ್ತು. ನಡುವಿನ ಅಂತರ 500 ಡಾಲರ್, ನಮ್ಮ ಲೆಕ್ಕದಲ್ಲಿ 40 ಸಾವಿರ ರೂಪಾಯಿಯ ಆಸುಪಾಸು. ಮಧ್ಯಮ ವರ್ಗದ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಈ ಜೋಡಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳನ್ನು ಹೋಲಿಸುವಾಗ ಅಭಿಮಾನ ಅಡ್ಡ ಬರುತ್ತದೆ. ಒಂದೇ ಮನೆತನದ ಎರಡನ್ನು ಹೋಲಿಸಿದರೆ ದುಡ್ಡು ಎಲ್ಲಿಗೆ ಹೋಯಿತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಇದೇ ಜೋಡಿಯ ವ್ಯಾಪಾರ ನಡೆಯುತ್ತಿತ್ತು.

‘ಸಾರ್, ಇದು ನೂರೈದು ವ್ಯಾಟ್ಸ್. ಅದು ಬರೀ ತೊಂಬತ್ತೈದು. ಒಂದ್ಸಲ ಹಾಕಿಸ್ತೀರ, ಪವರ್ ಇರೋದೇ ತಗೊಂಡ್‌ಬಿಡಿ.’

‘ನಮ್ ಹಾಲ್ ಹದಿನಾಲ್ಕಕ್ಕೆ ಹನ್ನೆರಡಡಿ ಕಣಣ್ಣ. ಅಷ್ಟು ಪವರ್ ಬೇಕಾ?’

‘ಇದ್ರೆ ಒಳ್ಳೇದಲ್ವಾ ಸಾರ್?’

ಇದ್ದರೆ ಒಳ್ಳೆಯದು ಎಂಬ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಲೆಕ್ಕ ಹಾಕಿ ನೋಡಬಹುದು. ಧ್ವನಿಯ ಅಳತೆ ಡೆಸಿಬಲ್. ಆಂಪ್ಲಿಫೈಯರ್‌ನ ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಈ ಲೆಕ್ಕದಲ್ಲಿ 95 ವ್ಯಾಟ್‌ಗೂ 105 ವ್ಯಾಟ್‌ಗೂ ಇರುವ ಅಂತರ ಅರ್ಧ ಡೆಸಿಬಲ್ ಕೂಡ ಅಲ್ಲ. ಹಾಲ್‌ನಲ್ಲಿ ಕೂತು ಸಿನಿಮಾ ನೋಡುವ ಯಾರ ಕಿವಿಗೂ ಅದು ತಿಳಿಯುವುದಿಲ್ಲ.

ಇನ್ನೂ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಸಿಗುವ ಸ್ಪೀಕರ್‌ಗಳ ಸಂವೇದನೆ 88 ಡೆಸಿಬಲ್ ಸುತ್ತಮುತ್ತ ಇರುತ್ತದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ಸೋಫಾ ಮೂರು ಮೀಟರ್ ಆಚೆಗಿದ್ದರೆ ಅಲ್ಲಿಗೆ 80 ಡೆಸಿಬಲ್ ತಲುಪಿತು ಎಂದುಕೊಳ್ಳಿ. ಮನೆಯಲ್ಲಿ ನಾವು ಮಾತುಕತೆಯ ದೃಶ್ಯ ಕೇಳುವುದು 65-70 ಡೆಸಿಬಲ್‌ನಲ್ಲಿ. ಅಂದರೆ ನಾಯಕ ನಾಯಕಿ ಮಾತಾಡಿಕೊಳ್ಳುವಾಗ ರಿಸೀವರ್ ಒಂದು ವ್ಯಾಟನ್ನೂ ಪೂರ್ತಿ ಖರ್ಚು ಮಾಡುತ್ತಿರುವುದಿಲ್ಲ. ಬಾಂಬ್ ಸಿಡಿದಾಗ, ಲಾರಿ ಉರುಳಿದಾಗ ಕ್ಷಣಕಾಲ ಹತ್ತೋ ಇಪ್ಪತ್ತೋ ವ್ಯಾಟ್ ಬೇಕಾದೀತು. ಅಲ್ಲೂ ಭಾರವಾದ ಸದ್ದಿನ ಹೊರೆಯನ್ನು ಹೊರುವುದು ಸಬ್‌ವೂಫರ್. ಅದರೊಳಗೆ ಅದರದೇ ಆಂಪ್ಲಿಫೈಯರ್ ಇರುತ್ತದೆ.

ವ್ಯಾಟ್‌ನ ಮೋಹ ನಮ್ಮಲ್ಲಿ ಹಳೆಯದು. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಂಡವರಿಗೆ ಅದರ ಮೈಮೇಲೆ ಅಂಟಿಸಿದ್ದ ಪಿಎಂಪಿಒ ಸ್ಟಿಕ್ಕರ್ ನೆನಪಿರಬೇಕು. ಅಂಗೈ ಅಗಲದ ಸ್ಪೀಕರ್, ಸ್ಟಿಕ್ಕರ್‌ನಲ್ಲಿ ಸಾವಿರ ವ್ಯಾಟ್! ಯಾವ ಒಪ್ಪಿತ ಅಳತೆಗೂ ಸಿಗದ ಸಂಖ್ಯೆ ಅದು. ಅಮೆರಿಕದಲ್ಲಿಯೂ ಇದೇ ಆಟ ನಡೆದು, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕು ಎಂದು ನಿಯಮ ಮಾಡಬೇಕಾಯಿತು. 2024ರಲ್ಲಿ ಆ ನಿಯಮವನ್ನು ಮತ್ತೆ ಬಿಗಿ ಮಾಡಿದರು. ಇವತ್ತಿಗೂ ಕೆಲವು ಪೆಟ್ಟಿಗೆಗಳ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಒಂದೇ ಚಾನೆಲ್ ಓಡಿಸಿ, 6 ಓಮ್ ಹೊರೆಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರದಲ್ಲಿ, 10% ವಿರೂಪವನ್ನು ಒಪ್ಪಿಕೊಂಡು ಅಳೆದ ಸಂಖ್ಯೆ. ನಾವು ನೋಡಬೇಕಾದದ್ದು ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಸಾಲನ್ನು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಒಟ್ಟಿಗೆ. ಮೇಲೆ ಹೇಳಿದ 95 ಮತ್ತು 105 ಹೀಗೆ ಅಳೆದ ಸಂಖ್ಯೆಗಳು, ಹಾಗಾಗಿ ನಂಬಬಹುದು. ಎಲ್ಲ ಚಾನೆಲ್‌ಗಳನ್ನೂ ಏಕಕಾಲಕ್ಕೆ ಪೂರ್ತಿ ಓಡಿಸಿದರೆ ಇವೂ ಇಳಿಯುತ್ತವೆ. ಯಾವ ರಿಸೀವರ್ ಆದರೂ ಅಷ್ಟೇ.

ಶಕ್ತಿಯ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. 4 ಓಮ್‌ನ, ಸಂವೇದನೆ ಕಡಿಮೆಯಿರುವ ದೊಡ್ಡ ಸ್ಪೀಕರ್‌ಗಳನ್ನು ಇಟ್ಟುಕೊಂಡವರಿಗೆ, ಮೂವತ್ತು ಅಡಿ ಉದ್ದದ ಹಾಲ್ ಇರುವವರಿಗೆ ಗಟ್ಟಿ ವಿದ್ಯುತ್ ಪೂರೈಕೆ ಬೇಕೇ ಬೇಕು. ಎಕ್ಸ್2800ಎಚ್ ಸುಮಾರು 9.5 ಕೆ.ಜಿ. ಇದ್ದರೆ ಎಕ್ಸ್3800ಎಚ್ 12.5 ಕೆ.ಜಿ. ಇದೆ. ಹೆಚ್ಚಿನ ತೂಕಕ್ಕೆ ಕಾರಣವೂ ಇದೆ: ಆಂಪ್ಲಿಫೈಯರ್‌ಗಳು ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 9.

ಹಾಗಾದರೆ 500 ಡಾಲರ್ ಎಲ್ಲಿಗೆ ಹೋಯಿತು? ಮೊದಲನೆಯದಾಗಿ ಆ ಎರಡು ಹೆಚ್ಚುವರಿ ಆಂಪ್ಲಿಫೈಯರ್‌ಗಳಿಗೆ, ಮತ್ತು ಅವು ಬಾಗಿಲು ತೆರೆಯುವ ಸ್ಪೀಕರ್ ವ್ಯವಸ್ಥೆಗೆ. ಡಾಲ್ಬಿ ಅಟ್ಮಾಸ್ 2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಚಿತ್ರಮಂದಿರಕ್ಕೆ ಬಂತು, 2014ರಲ್ಲಿ ಮನೆಗಳಿಗೆ ಇಳಿಯಿತು. ಸುತ್ತಲಿನ ಸ್ಪೀಕರ್‌ಗಳ ಜೊತೆಗೆ ತಲೆಯ ಮೇಲಿಂದಲೂ ಸದ್ದು ಬರಬೇಕು ಎನ್ನುವುದು ಅದರ ಹೊಸತನ. 7 ಆಂಪ್ಲಿಫೈಯರ್ ಇರುವ ರಿಸೀವರ್‌ನಲ್ಲಿ 5.1.2 ಮಾಡಬಹುದು: ಸುತ್ತ ಐದು, ಒಂದು ಸಬ್‌ವೂಫರ್, ಮೇಲೆ ಎರಡು. 9 ಇದ್ದರೆ 5.1.4, ಅಂದರೆ ಮೇಲೆ ನಾಲ್ಕು. ಎರಡಕ್ಕೂ ವ್ಯತ್ಯಾಸ ಖಂಡಿತ ಇದೆ. ಮೇಲೆ ಎರಡೇ ಸ್ಪೀಕರ್ ಇದ್ದಾಗ ಮಳೆಯ ಸದ್ದು ನೆತ್ತಿಯ ಮೇಲೆ ಸುರಿಯುತ್ತದೆ. ನಾಲ್ಕಿದ್ದಾಗ ಹೆಲಿಕಾಪ್ಟರ್ ಟಿವಿಯ ಕಡೆಯಿಂದ ಬಂದು ಬೆನ್ನ ಹಿಂದಕ್ಕೆ ಹಾದು ಹೋಗುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಆ ನಾಲ್ಕನ್ನು ಎಲ್ಲಿ ಕೂರಿಸುತ್ತೀರಿ? ಆರ್‌ಸಿಸಿ ತಾರಸಿಗೆ ಸ್ಪೀಕರ್ ಹುದುಗಿಸಲು ಬರುವುದಿಲ್ಲ, ಫಾಲ್ಸ್ ಸೀಲಿಂಗ್ ಬೇಕು, ಇಲ್ಲವೇ ಬ್ರಾಕೆಟ್ ಹೊಡೆದು ವೈರು ಕಾಣುವಂತೆ ಎಳೆಯಬೇಕು. ನೆಲದಿಂದ ಮೇಲಕ್ಕೆ ಸದ್ದು ಎಸೆದು ತಾರಸಿಗೆ ಬಡಿದು ಕೆಳಗಿಳಿಸುವ ಸ್ಪೀಕರ್‌ಗಳೂ ಇವೆ. ಅವಕ್ಕೆ ಸಪಾಟಾದ, ಗಟ್ಟಿಯಾದ ತಾರಸಿ ಬೇಕು. ಅಪಾರ್ಟ್‌ಮೆಂಟಿನಲ್ಲಿ ನಡೆದೀತು. ತೀರ್ಥಹಳ್ಳಿ, ಶಿರಸಿ, ಪುತ್ತೂರು ಕಡೆಯ ಮಂಗಳೂರು ಹೆಂಚಿನ ಇಳಿಜಾರು ಮಾಡಿನಡಿ ಆ ಸದ್ದು ಬರಬೇಕಾದ ಕಡೆ ಬರುವುದೇ ಇಲ್ಲ. ಅಂಥ ಮನೆಯವರು ಮೇಲಿನ ನಾಲ್ಕು ಸ್ಪೀಕರ್‌ಗಳ ಆಸೆಗೆ ದೊಡ್ಡ ರಿಸೀವರ್ ಕೊಂಡರೆ ಎರಡು ಆಂಪ್ಲಿಫೈಯರ್‌ಗಳು ಜೀವಮಾನವಿಡೀ ಕೆಲಸವಿಲ್ಲದೆ ಕೂತಿರುತ್ತವೆ.

ಎರಡನೆಯ ವ್ಯತ್ಯಾಸ ಹಿಂಭಾಗದ ಸಾಕೆಟ್‌ಗಳಲ್ಲಿದೆ. ಎರಡರಲ್ಲೂ ಆರು ಎಚ್‌ಡಿಎಂಐ ಇನ್‌ಪುಟ್ ಇದ್ದರೂ 8ಕೆ ಚಿತ್ರವನ್ನು ದಾಟಿಸುವುದು ಎಕ್ಸ್2800ಎಚ್‌ನಲ್ಲಿ ಮೂರು, ಎಕ್ಸ್3800ಎಚ್‌ನಲ್ಲಿ ಆರೂ. ಮೂರು ಗೇಮ್ ಕನ್ಸೋಲ್‌ಗಿಂತ ಹೆಚ್ಚು ಇರುವ ಮನೆ ನಾನಂತೂ ನೋಡಿಲ್ಲ. ಇದಕ್ಕಾಗಿ ದುಡ್ಡು ಕೊಡಬೇಕಾಗಿಲ್ಲ. ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕಳಿಸುವ ಪ್ರೀ-ಔಟ್‌ಗಳ ವಿಷಯ ಬೇರೆ. ಎಕ್ಸ್3800ಎಚ್‌ನಲ್ಲಿ 11 ಚಾನೆಲ್‌ಗಳಿಗೂ ಪ್ರೀ-ಔಟ್ ಇದೆ. ಮುಂದೆಂದಾದರೂ ಪ್ರತ್ಯೇಕ ಪವರ್ ಆಂಪ್ಲಿಫೈಯರ್ ತಂದು ಸಿಕ್ಕಿಸಿ 7.1.4ರವರೆಗೂ ಬೆಳೆಸಬಹುದು. ಚಿಕ್ಕದರಲ್ಲಿ ಆ ದಾರಿ ಇಲ್ಲ. ಹತ್ತು ವರ್ಷ ಒಂದೇ ರಿಸೀವರ್ ಇಟ್ಟುಕೊಂಡು ಸುತ್ತಲಿನದನ್ನು ನಿಧಾನವಾಗಿ ಬದಲಿಸುತ್ತ ಹೋಗುವವರಿಗೆ ಇದು ನಿಜವಾದ ಲಾಭ.

ಮೂರನೆಯದೇ ಮುಖ್ಯ. ಅಂಗಡಿಯಲ್ಲಿ ಯಾರೂ ಬಾಯಿಬಿಡದ ವಿಷಯವೂ ಅದೇ: ಕೋಣೆಯನ್ನು ಅಳೆದು ಧ್ವನಿ ತಿದ್ದುವ ತಂತ್ರಾಂಶ.

ನಮ್ಮ ಮನೆಗಳ ಗೋಡೆ ಇಟ್ಟಿಗೆ ಸಿಮೆಂಟಿನದು, ನೆಲ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್. ಚಪ್ಪಾಳೆ ತಟ್ಟಿದರೆ ಖಾಲಿ ಹಾಲ್‌ನಲ್ಲಿ ಠಣ್ಣೆಂದು ಮರುದನಿ ಬರುತ್ತದೆ. ಅಮೆರಿಕದ ಮನೆಗಳಲ್ಲಿ ಜಿಪ್ಸಂ ಹಲಗೆಯ ಟೊಳ್ಳು ಗೋಡೆ ಮಂದ್ರದ ಸದ್ದನ್ನು ಅಷ್ಟೋ ಇಷ್ಟೋ ನುಂಗಿಕೊಳ್ಳುತ್ತದೆ. ನಮ್ಮ ಗೋಡೆ ಹಾಗಲ್ಲ, ಬಂದದ್ದನ್ನೆಲ್ಲ ಹಾಗೇ ವಾಪಸ್ ಎಸೆಯುತ್ತದೆ. 14 ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 40 ಹರ್ಟ್ಸ್‌ನ ಸದ್ದು, 12 ಅಡಿ ಅಗಲಕ್ಕೆ ಸುಮಾರು 47 ಹರ್ಟ್ಸ್‌ನದು ಗೋಡೆಯಿಂದ ಗೋಡೆಗೆ ಹೊಡೆದು ಉಬ್ಬಿಕೊಳ್ಳುತ್ತದೆ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಗುಂಯ್ ಎಂದು ಎದೆಗೆ ಬಡಿಯುವ ತಮಟೆಯೇ ನಡುವಿನ ಸೋಫಾದಲ್ಲಿ ಕೂತವರಿಗೆ ಸಪ್ಪೆಯಾಗಿ ಕೇಳುತ್ತದೆ. ‘ಬಾಸ್ ಜಾಸ್ತಿ, ಮಾತು ಕೇಳಲ್ಲ’ ಎಂಬ ದೂರಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ.

ಇದನ್ನು ತಿದ್ದಲೆಂದೇ ರಿಸೀವರ್ ಜೊತೆಗೆ ಒಂದು ಪುಟ್ಟ ಮೈಕ್ ಬರುತ್ತದೆ. ಡೆನಾನ್‌ನವರು ಅದನ್ನು ನಿಲ್ಲಿಸಲು ರಟ್ಟಿನ ಸ್ಟ್ಯಾಂಡೊಂದನ್ನೂ ಕೊಡುತ್ತಾರೆ. ಮಡಿಸಿ ಜೋಡಿಸಿ, ಸೋಫಾದಲ್ಲಿ ಕೂತವರ ಕಿವಿಯ ಎತ್ತರಕ್ಕೆ ಮೈಕ್ ಇಟ್ಟು ಬಟನ್ ಒತ್ತಿದರೆ ಒಂದೊಂದೇ ಸ್ಪೀಕರ್‌ನಿಂದ ‘ಟುಯ್ಪ್, ಟುಯ್ಪ್’ ಎಂದು ಸದ್ದು ಹೊರಡುತ್ತದೆ. ಆ ಹೊತ್ತಿನಲ್ಲಿ ಮನೆ ನಿಶ್ಶಬ್ದವಾಗಿರಬೇಕು. ಫ್ಯಾನ್ ಆರಿಸಬೇಕು, ಕುಕ್ಕರ್ ಇಳಿಸಿರಬೇಕು, ಮಕ್ಕಳನ್ನು ಹೊರಗೆ ಕಳಿಸಿರಬೇಕು. ಒಂದು ಜಾಗ ಆದ ಮೇಲೆ ಮೈಕನ್ನು ಒಂದೆರಡು ಅಡಿ ಆಚೆ ಇಟ್ಟು ಮತ್ತೆ ಅಳೆಯಬೇಕು. ಹೀಗೆ ಎಂಟು ಜಾಗಗಳವರೆಗೂ ಅಳೆಯಬಹುದು. ಬಹಳ ಮಂದಿ ಬೇಸರವಾಗಿ ಮೂರಕ್ಕೇ ಮುಗಿಸುತ್ತಾರೆ. ದಯವಿಟ್ಟು ಎಂಟನ್ನೂ ಮಾಡಿ, ಇದಕ್ಕೆ ಕೊಡುವ ಅರ್ಧ ಗಂಟೆ ಎಷ್ಟು ದುಡ್ಡು ಸುರಿದರೂ ಸಿಗದ ಫಲ ಕೊಡುತ್ತದೆ.

ಈ ತಂತ್ರಾಂಶದ ಹೆಸರು ಆಡಿಸ್ಸಿ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿ 2002ರಲ್ಲಿ ಕಂಪನಿಯಾದದ್ದು. ಎಕ್ಸ್2800ಎಚ್‌ನಲ್ಲಿರುವುದು ಅದರ ಮಲ್ಟ್‌ಇಕ್ಯೂ ಎಕ್ಸ್‌ಟಿ ಆವೃತ್ತಿ, ಎಕ್ಸ್3800ಎಚ್‌ನಲ್ಲಿರುವುದು ಎಕ್ಸ್‌ಟಿ32. ಎರಡೂ ಎಂಟೆಂಟು ಜಾಗಗಳನ್ನೇ ಅಳೆಯುತ್ತವೆ. ಅಳೆದ ಮೇಲೆ ತಿದ್ದುವ ಕೈ ಮಾತ್ರ ಬೇರೆ. ಎಕ್ಸ್‌ಟಿ32ರ ತಿದ್ದುಪಡಿ ಹೆಚ್ಚು ಸೂಕ್ಷ್ಮ, ಮಂದ್ರದ ಸದ್ದುಗಳಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಚಿಕ್ಕದರಲ್ಲಿ ಎರಡು ಸಬ್‌ವೂಫರ್ ಸಿಕ್ಕಿಸಿದರೆ ಎರಡಕ್ಕೂ ಒಂದೇ ಸಂಕೇತ ಹೋಗುತ್ತದೆ. ದೊಡ್ಡದರಲ್ಲಿ ನಾಲ್ಕು ಸಬ್‌ವೂಫರ್‌ಗಳವರೆಗೆ ಪ್ರತಿಯೊಂದಕ್ಕೂ ದೂರ, ಮಟ್ಟ ಬೇರೆಬೇರೆಯಾಗಿ ಹೊಂದಿಕೊಳ್ಳುತ್ತದೆ. ಸಾಲದು ಎನ್ನುವವರು ಸ್ವೀಡನ್ನಿನ ಡಿರಾಕ್ ಲೈವ್ ತಂತ್ರಾಂಶವನ್ನು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಲೂಬಹುದು. ದುಬಾರಿ ಪೆಟ್ಟಿಗೆಗೆ ಬೆಲೆ ಬಂದಿರುವುದು ಇಲ್ಲಿ. ಅಂಗಡಿಯಾತ ಹತ್ತು ವ್ಯಾಟ್‌ನ ಬದಲು ಈ ಮಾತು ಹೇಳಿದ್ದರೆ ನಾನೂ ತಲೆದೂಗುತ್ತಿದ್ದೆ.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕು. ಯಾವ ತಂತ್ರಾಂಶವೂ ಕೆಟ್ಟ ಜಾಗದಲ್ಲಿಟ್ಟ ಸಬ್‌ವೂಫರನ್ನು ಪೂರ್ತಿ ಉದ್ಧಾರ ಮಾಡಲಾರದು. ಸದ್ದು ಉಬ್ಬಿದ ಕಡೆ ತಗ್ಗಿಸಬಹುದು, ಗೋಡೆಗಳ ಮರುದನಿಯಿಂದ ಒಂದಕ್ಕೊಂದು ಅಳಿಸಿಹೋದ ಸದ್ದನ್ನು ತುಂಬಿಕೊಡಲು ಆಗುವುದಿಲ್ಲ. ಅದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಿ. ಮಂದ್ರ ಚೆನ್ನಾಗಿರುವ ಒಂದು ಹಾಡು ಹಾಕಿ. ಆಮೇಲೆ ಗೋಡೆಯ ಅಂಚಿನಲ್ಲಿ, ಸಬ್‌ವೂಫರ್ ಇಡಲು ಸಾಧ್ಯವಿರುವ ಜಾಗಗಳಲ್ಲೆಲ್ಲ ಒಂದೊಂದು ಕಡೆ ಕೂತು, ತಲೆ ನೆಲದ ಹತ್ತಿರ ತಂದು ಕೇಳುತ್ತ ಹೋಗಿ. ಎಲ್ಲಿ ಪ್ರತಿ ಸ್ವರವೂ ಗುಂಯ್‌ಗುಡದೆ ಬಿಡಿಬಿಡಿಯಾಗಿ ಕೇಳುತ್ತದೋ ಅದೇ ಅದರ ಜಾಗ. ಶೋಕೇಸ್ ಪಕ್ಕ ಚೆಂದ ಕಾಣುತ್ತದೆ ಎಂದು ಇಟ್ಟ ಸಬ್‌ವೂಫರ್ ಎರಡು ಅಡಿ ಸರಿದರೆ ಹಾಲ್‌ನ ಧ್ವನಿಯೇ ಬದಲಾಗುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಟೈಲ್ಸ್ ಮೇಲೆ ದಪ್ಪನೆಯ ಜಮಖಾನ, ಕಿಟಕಿಗೆ ಭಾರದ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದರೆ ಮಾತಿನ ಸ್ಪಷ್ಟತೆಯೂ ಕೂಡಲೇ ಏರುತ್ತದೆ.

ಮಾತಿನ ಸ್ಪಷ್ಟತೆ ಎಂದೆನಲ್ಲ, ಮನೆಮಂದಿಯ ನಿಜವಾದ ಗೋಳು ಅದೇ. ಅಜ್ಜ ಅಜ್ಜಿ ಇರುವ ಮನೆಯಲ್ಲಿ ಇನ್ನೂ ಹೆಚ್ಚು. ಹಿನ್ನೆಲೆ ಸಂಗೀತಕ್ಕೆ ಸೌಂಡ್ ಇಳಿಸುವುದು, ಮಾತಿಗೆ ಏರಿಸುವುದು, ರಿಮೋಟ್ ಕೈಬಿಡುವ ಹಾಗೇ ಇಲ್ಲ. ಸಿನಿಮಾದ ಮಾತಿನಲ್ಲಿ ಬಹುಪಾಲು ಬರುವುದು ಟಿವಿಯ ಕೆಳಗಿನ ಸೆಂಟರ್ ಸ್ಪೀಕರ್‌ನಿಂದ. ಅದನ್ನು ಅಗ್ಗದ್ದು ಕೊಂಡು ರಿಸೀವರ್‌ಗೆ 40 ಸಾವಿರ ಹೆಚ್ಚು ಕೊಟ್ಟರೆ ಗೋಳು ಹಾಗೇ ಉಳಿಯುತ್ತದೆ. ಸೆಂಟರ್ ಸ್ಪೀಕರನ್ನು ಶೋಕೇಸ್‌ನ ಗೂಡಿನೊಳಕ್ಕೆ ತಳ್ಳದೆ ಅಂಚಿಗೆ ತಂದು, ಮುಖವನ್ನು ಕಿವಿಯ ಕಡೆಗೆ ತುಸು ಓರೆ ಮಾಡಿ. ರಿಸೀವರ್‌ನ ಸೆಟಿಂಗ್‌ನಲ್ಲಿ ಸ್ಪೀಕರ್‌ಗಳನ್ನೆಲ್ಲ ‘ಸ್ಮಾಲ್’ ಎಂದು ಇಟ್ಟು 80 ಹರ್ಟ್ಸ್‌ನ ಕೆಳಗಿನದ್ದನ್ನು ಸಬ್‌ವೂಫರ್‌ಗೆ ಬಿಟ್ಟುಕೊಡಿ. ಚಿಕ್ಕ ಸ್ಪೀಕರ್‌ಗಳು ಹೊರೆ ಇಳಿಸಿಕೊಂಡು ಮಾತನ್ನು ತಿಳಿಯಾಗಿ ನುಡಿಯುತ್ತವೆ. ಎರಡೂ ರಿಸೀವರ್‌ಗಳಲ್ಲಿ ಈ ಸೌಲಭ್ಯ ಒಂದೇ ಥರ.

ಒಟಿಟಿಯಲ್ಲೇ ಎಲ್ಲವನ್ನೂ ನೋಡುವವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿಂದ ಬರುವ ಅಟ್ಮಾಸ್ ಧ್ವನಿ ಬಿಗಿಯಾಗಿ ಅಡಕ ಮಾಡಿದ್ದು. ಬ್ಲೂ-ರೇ ತಟ್ಟೆಯಲ್ಲಿರುವ ಟ್ರೂಎಚ್‌ಡಿಯ ಸಮೃದ್ಧಿ ಅದಕ್ಕಿಲ್ಲ. ಟಿವಿಯ ಆ್ಯಪ್‌ನಿಂದ ಎಆರ್‌ಸಿ ತಂತಿಯ ಮೂಲಕ ಅದು ಎರಡು ರಿಸೀವರ್‌ಗಳಿಗೂ ಒಂದೇ ರೀತಿ ಬಂದು ಸೇರುತ್ತದೆ. ದುಬಾರಿಯದು ಅದರೊಳಗಿಂದ ಇಲ್ಲದ್ದನ್ನು ಹುಟ್ಟಿಸಲಾರದು.

ಇನ್ನು ಕೊಳ್ಳುವ ದಾರಿ. ಅಮೆರಿಕದಲ್ಲಿ ಅಗ್ಗ, ಮಗಳ ಮನೆಗೆ ಹೋದಾಗ ತಂದುಬಿಡೋಣ ಎಂದುಕೊಳ್ಳುವ ತಂದೆ ತಾಯಿ ನಮ್ಮಲ್ಲಿ ಬಹಳ. ಅಲ್ಲಿ ಮಾರುವ ರಿಸೀವರ್ 120 ವೋಲ್ಟಿನದು, ನಮ್ಮದು 230. ಮರೆತು ನೇರವಾಗಿ ಗೋಡೆಗೆ ಸಿಕ್ಕಿಸಿದರೆ ಅದು ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು ನಿಜ, ಆದರೆ ರಿಸೀವರ್‌ಗೆ ತಕ್ಕ ಗಾತ್ರದ್ದು ಭಾರ, ಗುಂಯ್‌ಗುಡುತ್ತದೆ, ವಾರಂಟಿಯೂ ಇಲ್ಲಿ ನಡೆಯುವುದಿಲ್ಲ. ಬೋರ್ಡ್ ಕೆಟ್ಟರೆ ಉಳಿಸಿದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಇಲ್ಲೇ, ಬಿಲ್ ಮತ್ತು ವಾರಂಟಿ ಸಮೇತ ಕೊಳ್ಳಿ. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ಅದನ್ನು ಕಾದು ಕೊಂಡರೂ ನಷ್ಟವಿಲ್ಲ. ಮಲೆನಾಡು ಕರಾವಳಿಯವರು ಗುಡುಗು ಮಿಂಚಿನ ಹೊತ್ತಿನಲ್ಲಿ ಪ್ಲಗ್ ಜೊತೆಗೆ ಕೇಬಲ್ ಮತ್ತು ನೆಟ್‌ವರ್ಕ್ ವೈರನ್ನೂ ಕಿತ್ತಿಡಿ. ಸಿಡಿಲು ಎಚ್‌ಡಿಎಂಐ ಬೋರ್ಡನ್ನು ತಲುಪುವುದು ಎಷ್ಟೋ ಸಲ ಆ ದಾರಿಯಲ್ಲಿ. ರಿಸೀವರ್ ಮೇಲೆ ಗಾಳಿಯಾಡಲು ಜಾಗ ಬಿಡಿ, ಗಾಜಿನ ಬಾಗಿಲಿನ ಶೋಕೇಸ್‌ನೊಳಗೆ ಮುಚ್ಚಿಟ್ಟರೆ ಅದರ ಆಯಸ್ಸು ಕುಗ್ಗುತ್ತದೆ.

ನನ್ನ ತೀರ್ಮಾನ ಇಷ್ಟು. ಹನ್ನೆರಡು ಹದಿನಾಲ್ಕು ಅಡಿಯ ಹಾಲ್, 5.1 ಅಥವಾ 5.1.2 ಸ್ಪೀಕರ್, ಒಂದು ಸಬ್‌ವೂಫರ್ ಇರುವ ಮನೆಗೆ ಎಕ್ಸ್2800ಎಚ್ ದರ್ಜೆಯ ರಿಸೀವರ್ ಧಾರಾಳವಾಗಿ ಸಾಕು. ಉಳಿದ 40 ಸಾವಿರವನ್ನು ಸೆಂಟರ್ ಸ್ಪೀಕರ್‌ಗೂ ಒಳ್ಳೆಯ ಸಬ್‌ವೂಫರ್‌ಗೂ ಹಾಕಿದರೆ ಮೊದಲ ದಿನವೇ ಮನೆಯವರೆಲ್ಲರಿಗೂ ವ್ಯತ್ಯಾಸ ತಿಳಿಯುತ್ತದೆ. ಸಿನಿಮಾಕ್ಕೆಂದೇ ಪ್ರತ್ಯೇಕ ಕೋಣೆ ಕಟ್ಟಿಸಿ ಫಾಲ್ಸ್ ಸೀಲಿಂಗ್‌ನಲ್ಲಿ ನಾಲ್ಕು ಸ್ಪೀಕರ್ ಹುದುಗಿಸುವವರು, ಎರಡು ಸಬ್‌ವೂಫರ್ ಇಡಲು ಜಾಗವೂ ಮನಸ್ಸೂ ಇರುವವರು ಎಕ್ಸ್3800ಎಚ್ ಕೊಳ್ಳಲಿ. ಅವರು ಕೊಟ್ಟ ಒಂದೊಂದು ರೂಪಾಯಿಯೂ ಅಲ್ಲಿ ಕೆಲಸ ಮಾಡುತ್ತದೆ.

ಅಂಗಡಿಗೆ ಹೋಗುವ ಮುಂಚೆ ಹಾಲ್‌ನ ಉದ್ದ, ಅಗಲ, ಎತ್ತರ, ಸೋಫಾದಿಂದ ಟಿವಿಗೆ ಇರುವ ದೂರ, ಇರುವ ಸ್ಪೀಕರ್‌ಗಳ ಓಮ್ ಮತ್ತು ಸಂವೇದನೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎರಡನ್ನೂ ಕೇಳಿಸುವಾಗ ಒಂದೇ ದೃಶ್ಯ, ಅದೇ ಸ್ಪೀಕರ್, ಸಮನಾದ ಸದ್ದು ಇರಬೇಕೆಂದು ಪಟ್ಟು ಹಿಡಿಯಿರಿ. ತುಸು ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಎಂದು ಕಿವಿ ನಂಬಿಬಿಡುತ್ತದೆ. ಮೊಬೈಲ್‌ನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಸಿಗುತ್ತದೆ, ಎರಡರ ಮಟ್ಟ ಒಂದೇ ಇದೆಯೇ ನೋಡಲು ಅಷ್ಟು ಸಾಕು. ಹಾಗೆ ಕೇಳಿಸಲು ಒಪ್ಪದ ಅಂಗಡಿಯಲ್ಲಿ ದುಡ್ಡು ಬಿಚ್ಚಬೇಡಿ.